ಮನೆ ಶಾಂತವಾದ ಮೇಲೂ ಮಗ ಯಾಕೆ ಹೊಡೀತಾನೆ?

"ಈಗ ಎಲ್ಲ ಸರಿಯಾಗಿದೆಯಲ್ಲ, ಆದ್ರೂ ಇವನ್ಯಾಕೆ ಹೀಗೆ?" ಹದಿಹರೆಯದ ಮಕ್ಕಳ ಸಿಟ್ಟಿನ ಬಗ್ಗೆ ಎಷ್ಟೋ ತಾಯಂದಿರು ಕೇಳುವ ಪ್ರಶ್ನೆ ಇದು. ಅಪ್ಪ ಕುಡಿಯೋದು ಬಿಟ್ಟು ಎರಡು ವರ್ಷ ಆಗಿರುತ್ತೆ. ತಟ್ಟೆ ಬಿಸಾಡುವ ಸದ್ದಿಲ್ಲ, ಬೆಲ್ಟು ಬೀರು ಸೇರಿದೆ. ಆಗೆಲ್ಲ ಮೂಲೆಯಲ್ಲಿ ಮುದುಡಿ ಕೂರುತ್ತಿದ್ದ ಹುಡುಗ ಒಂಬತ್ತನೇ ಕ್ಲಾಸಿಗೆ ಬರುತ್ತಲೇ ತಮ್ಮನಿಗೆ ಬಾರಿಸ್ತಾನೆ, ಬಾಗಿಲು ಒದೀತಾನೆ, ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟ ಗೆಳೆಯನ ಮುಖಕ್ಕೆ ಗುದ್ದುತ್ತಾನೆ. ನೆಂಟರು "ಕೊಬ್ಬು" ಅಂತಾರೆ. ಮೇಷ್ಟ್ರು "ಮೊಬೈಲು" ಅಂತಾರೆ. (ಹುಡುಗಿಯಾದರೆ "ಬಾಯಿ ಜೋರು" ಅಂದು ಮುಗಿಸಿಬಿಡ್ತೀವಿ.)

ಆ ಹೆಗಲ ಮೇಲಿನ ಕೈಯನ್ನೇ ತೆಗೆದುಕೊಳ್ಳಿ. ನಮಗೆ ಅದು ಸಲಿಗೆ. ವರ್ಷಗಟ್ಟಲೆ ಏಟು ತಿಂದವನಿಗೆ ಹಿಂದಿನಿಂದ ಬರುವ ಕೈ ಅಂದರೆ ಏಟೇ. ಯೋಚನೆ ಮಾಡುವ ಮೊದಲೇ ಮೈ ಉತ್ತರ ಕೊಟ್ಟಿರುತ್ತೆ. ಅಮೆರಿಕದ ಕೆನೆತ್ ಡಾಜ್ ಮತ್ತು ಜೊತೆಗಾರರು 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತೆ: ಮನೆಯಲ್ಲಿ ಪೆಟ್ಟು ತಿಂದ ಪುಟ್ಟ ಮಕ್ಕಳು, ಬೇರೆಯವರು ಬೇಕಂತಲೇ ಕೆಡುಕು ಮಾಡಿದರು ಎಂದು ಹೆಚ್ಚಾಗಿ ಭಾವಿಸುತ್ತಿದ್ದರು, ಶಾಲೆಯಲ್ಲಿ ಜಗಳವೂ ಅವರದೇ ಹೆಚ್ಚು. ಸಿಟ್ಟಿನ ಮುಖವನ್ನು ಇಂಥ ಮಕ್ಕಳು ಬೇರೆಯವರಿಗಿಂತ ಬೇಗ ಗುರುತಿಸುತ್ತಾರೆ ಅಂತ ಆಮೇಲಿನ ಅಧ್ಯಯನಗಳಲ್ಲೂ ಕಂಡಿದೆ. ಅಪ್ಪನ ಬೈಕಿನ ಸದ್ದಿನಲ್ಲೇ ಅವತ್ತಿನ ರಾತ್ರಿ ಹೇಗಿರುತ್ತೆ ಅಂತ ಲೆಕ್ಕ ಹಾಕಿ ಬದುಕಿದ ಮಗು ಅದು. ಅಪ್ಪ ಕುಡಿತ ಬಿಟ್ಟ ಮಾತ್ರಕ್ಕೆ ಆ ಕಿವಿ ಮುಚ್ಚಿಕೊಳ್ಳಲ್ಲ. ಆಗ ತಿರುಗಿ ಹೊಡೆಯೋ ಶಕ್ತಿ ಇರಲಿಲ್ಲ, ಈಗ ತೋಳು ಬಲಿತಿದೆ, ಅಷ್ಟೇ.

ಏಟು ತಿಂದವರೆಲ್ಲ ಹೊಡೆಯುವವರಾಗ್ತಾರೆ ಅಂತಲ್ಲ, ಬಹಳ ಮಂದಿ ಆಗೋದಿಲ್ಲ. ಸಿಟ್ಟಿನ ಮಕ್ಕಳೆಲ್ಲ ಏಟು ತಿಂದವರೂ ಅಲ್ಲ. ಕಾರಣ ಗೊತ್ತಾಯಿತು ಅಂತ ತಮ್ಮನಿಗೆ ಬಿದ್ದ ಪೆಟ್ಟನ್ನು ಮಾಫಿ ಮಾಡೋಕೂ ಆಗಲ್ಲ. "ಈ ಮನೇಲಿ ಯಾರೂ ಯಾರಿಗೂ ಹೊಡೆಯೋ ಹಾಗಿಲ್ಲ" ಅನ್ನೋದು ಅವನಿಗೂ ಅನ್ವಯ, ನಿಮಗೂ. ಬುದ್ಧಿ ಬರಲಿ ಅಂತ ಅವನಿಗೆ ನಾಲ್ಕು ಬಿಗಿದರೆ, ಅವನ ಲೆಕ್ಕ ಸರಿಯಾಗಿತ್ತು ಅಂತ ನೀವೇ ಸಾಬೀತು ಮಾಡಿದ ಹಾಗೆ.

ಅವನು ಕೂಗಾಡುವಾಗ ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಮೈ ಮುಟ್ಟಬೇಡಿ. ಚಿಕ್ಕವನನ್ನು ಆಚೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ. ಉಪದೇಶ ಆವತ್ತು ಬೇಡ. ಮಾರನೇ ದಿನ ಅವರೆಕಾಯಿ ಬಿಡಿಸುವಾಗಲೋ ಗಾಡಿಯಲ್ಲಿ ಹೋಗುವಾಗಲೋ, ಎದುರುಬದುರು ಕೂರದೆ, "ಆಗ ನಿನಗೆ ಏನನ್ನಿಸ್ತು?" ಅಂತ ಕೇಳಿ.

ಇನ್ನೊಂದು ಕೆಲಸ ಅಪ್ಪನದು. "ಆಗೆಲ್ಲ ನಾನು ನಿನ್ನ ಹೊಡೀತಿದ್ದೆ. ತಪ್ಪು ನಂದು, ನಿಂದಲ್ಲ." ನಮ್ಮಲ್ಲಿ ಇದನ್ನು ಹೇಳುವ ಅಪ್ಪಂದಿರು ಕಮ್ಮಿ. ಹೇಳಿದಾಗ ಹುಡುಗ ಎದ್ದು ಹೋಗಬಹುದು, ಹೋಗಲಿ. ಕ್ಷಮಿಸು ಅಂತ ಒತ್ತಾಯ ಮಾಡಬೇಡಿ.

ಹೊಡೆತ ಮನೆಯಲ್ಲಿ ಇನ್ನೂ ನಡೀತಿದ್ದರೆ ಮೊದಲು ನಿಲ್ಲಬೇಕಾದ್ದು ಅದು. ಮಕ್ಕಳ ಸಹಾಯವಾಣಿ 1098. ಹುಡುಗನ ಸಿಟ್ಟು ಕೈಮೀರುತ್ತಿದ್ದರೆ, ಇಲ್ಲವೇ ಸಾಯುವ ಮಾತಾಡುತ್ತಿದ್ದರೆ, ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.