ನೆಗಾಡುವವರಿಗೆ ಎರಡು ಮಾತು

2023ರ ದೀಪಾವಳಿ ಕಳೆದು ಶಾಲೆಗೆ ಹೋದ ಮೊದಲ ದಿನ ನಾನು ಹೊಸ ಸೀರೆ ಉಟ್ಟಿದ್ದೆ. ಒಂಬತ್ತನೇ ತರಗತಿಯ ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಟೀಚರ್, ಜಸ್ಟ್ ಲುಕಿಂಗ್ ಲೈಕ್ ಎ ವಾವ್!" ಇಡೀ ತರಗತಿ ಗೊಳ್ಳೆಂದಿತು. ನಾನೋ, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವಳು. 'ವಾವ್' ಎಂಬುದು ಉದ್ಗಾರ, ಅದರ ಹಿಂದೆ 'ಎ' ಬರಬಾರದು ಎಂದು ವ್ಯಾಕರಣ ಹೇಳಹೊರಟೆ. ಮಕ್ಕಳು ಮತ್ತಷ್ಟು ನಕ್ಕರು. ಆ ತಪ್ಪಿನಿಂದಲೇ ಆ ಮಾತು ಲೋಕಪ್ರಸಿದ್ಧವಾಗಿದೆ ಎಂಬುದು ನನಗೊಬ್ಬಳಿಗೇ ತಿಳಿದಿರಲಿಲ್ಲ.

ಮಾತಿನ ಒಡತಿ ದೆಹಲಿಯ ಜಸ್ಮೀನ್ ಕೌರ್. ಹೆಂಗಸರ ಸಲ್ವಾರ್ ಸೂಟುಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ತೋರಿಸಿ ಮಾರುವವರು. ಒಂದೊಂದೇ ಬಟ್ಟೆ ಎತ್ತಿ ಹಿಡಿದು ಅವರು ವರ್ಣಿಸುತ್ತಿದ್ದ ರೀತಿಯೇ ಆ ವರ್ಷದ ಅಕ್ಟೋಬರಿನಲ್ಲಿ ದೇಶಕ್ಕೆಲ್ಲ ಹಬ್ಬಿತು. ಯಶರಾಜ್ ಮುಖಾಟೆ ಅದಕ್ಕೆ ರಾಗ ಹಾಕಿದರು. ಕೊನೆಗೆ ದೀಪಿಕಾ ಪಡುಕೋಣೆಯೇ ಆ ಮಾತಿಗೆ ತುಟಿಯಾಡಿಸಿದರು. ನಮ್ಮ ಮರವಂತೆಯ ಹೊಳೆಯಾಚೆಗಿನ ಪಡುಕೋಣೆಯ ಹೆಸರು ಹೊತ್ತ ನಟಿ ಆ ಮಾತು ಆಡಿದಾಗ ಎಲ್ಲರಿಗೂ ಅದು ಚಂದದ ತಮಾಷೆ. ಬಟ್ಟೆ ಮಾರುವ ಹೆಂಗಸಿನ ಬಾಯಿಯಲ್ಲಿ ಅದೇ ಮಾತು ಬಂದಾಗ ಮಾತ್ರ 'ಇಂಗ್ಲಿಷ್ ಬಾರದವಳು' ಎಂಬ ನಗೆ.

ಅವರು ಹಳದಿ ಬಟ್ಟೆಗೆ ಲಡ್ಡು ಹಳದಿ ಎಂದರಂತೆ, ಬೂದು ಬಟ್ಟೆಗೆ ಇಲಿಯ ಬಣ್ಣ ಎಂದರಂತೆ. ಅದಕ್ಕೂ ನಗು. ನಾನು ಚಿಕ್ಕವಳಿದ್ದಾಗ ನಮ್ಮ ಜಗಲಿಗೆ ಸೈಕಲ್ಲಿನಲ್ಲಿ ಸೀರೆ ಗಂಟು ಕಟ್ಟಿಕೊಂಡು ಬರುತ್ತಿದ್ದವರು ಬಣ್ಣಕ್ಕೆ ಏನೆನ್ನುತ್ತಿದ್ದರು? ಈರುಳ್ಳಿ ಸಿಪ್ಪೆ ಬಣ್ಣ, ಬದನೆಕಾಯಿ ಬಣ್ಣ, ನಸ್ಯದ ಬಣ್ಣ, ಗಿಳಿ ಹಸಿರು. ನನ್ನ ಅಮ್ಮ ಅಂಗಡಿಗೆ ಹೋದರೂ ಅದನ್ನೇ ಹೇಳಿ ಸೀರೆ ಆರಿಸುತ್ತಿದ್ದಳು. 'ಮೆಜೆಂಟಾ' ಎಂದಿದ್ದರೆ ಅಮ್ಮನಿಗೆ ಏನೂ ಕಾಣುತ್ತಿರಲಿಲ್ಲ; ಈರುಳ್ಳಿ ಸಿಪ್ಪೆ ಎಂದರೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಮಾರುವವರಿಗೆ ಬೇಕಾದ ಭಾಷೆ ಅದು. ಕೊಳ್ಳುವವರ ಅಡುಗೆಮನೆಯಿಂದ ಪದ ಎತ್ತಿ ಬಟ್ಟೆಗೆ ಅಂಟಿಸುವುದು ಸಣ್ಣ ಜಾಣ್ಮೆಯಲ್ಲ.

ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಕೆಲವು ತಿಂಗಳ ನಂತರ ನಮ್ಮ ಶಿಕ್ಷಕರ ವಾಟ್ಸ್ಯಾಪ್ ಗುಂಪಿಗೆ ಒಂದು ತುಣುಕು ಬಂತು. ಯಾರೋ ಹೆಂಗಸು ಸೀರೆ ಹಿಡಿದು ನಿಂತಿದ್ದಾಳೆ. "ಈ ಕಲರ್ ಕಾಣಿ, ಎಷ್ಟ್ ಚೆಂದ ಇತ್ತ್, ವೆರಿ ವೆರಿ ಸಾಫ್ಟ್ ಆಯ್ತ್" ಎನ್ನುತ್ತಿದ್ದಾಳೆ. ಮಾತು ಮುಗಿಯುವ ಮೊದಲೇ ಕತ್ತೆಯ ಕೂಗು, ಮೇಲೆ ಒಬ್ಬ ಸಿನಿಮಾ ಹಾಸ್ಯನಟನ ಅಣಕದ ಮುಖ. ನಾನು ನಕ್ಕೆ. ಸುಳ್ಳು ಹೇಳಲಾರೆ, ಜೋರಾಗಿಯೇ ನಕ್ಕೆ. ಎರಡನೇ ಸಲ ನೋಡುವಾಗ ಗುರುತು ಸಿಕ್ಕಿತು. ಹದಿನೈದು ವರ್ಷದ ಹಿಂದೆ ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗಿ.

ಬೈಂದೂರು ಕಡೆಯ ಒಂದು ಊರಿಗೆ ಮದುವೆಯಾಗಿ ಹೋದವಳು. ಗಂಡ ಮುಂಬೈಯಲ್ಲಿ ಹೋಟೆಲ್ ಕೆಲಸ. ಸ್ವಸಹಾಯ ಸಂಘದಿಂದ ಸಾಲ ಪಡೆದು ಸೀರೆ, ನೈಟಿ, ಕುರ್ತಾ ತಂದು ಮನೆಯಿಂದಲೇ ಮಾರುತ್ತಿದ್ದಳು. ಫೋನ್ ಮಾಡಿದೆ. "ಟೀಚರ್, ನಾನ್ ಎಂತ ತಪ್ಪ್ ಮಾಡ್ದೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಗಂಡನಿಗೆ ಅವನ ಹೋಟೆಲಿನ ಹುಡುಗರೇ ತುಣುಕು ತೋರಿಸಿ ನಕ್ಕಿದ್ದರು. 'ಇನ್ನು ಸಾಕು' ಎಂದು ಅವನ ಅಪ್ಪಣೆಯಾಗಿತ್ತು. ಸೀರೆಗಳು ಕಪಾಟಿನಲ್ಲಿದ್ದವು, ಸಂಘದ ವಾರದ ಕಂತು ಮಾತ್ರ ನಿಂತಿರಲಿಲ್ಲ.

ಈ ನಗೆಯ ಪರಿಚಯ ನನಗೆ ಹೊಸತಲ್ಲ. ಬಿ.ಎಡ್. ಕಲಿಯುವಾಗ ಪಾಠ ಮಾಡುತ್ತ ಬಾಯಿತಪ್ಪಿ, "ಗೋಡೆಯ ಮೇಲೆ ನಕ್ಷೆ ಇತ್ತ್" ಎಂದುಬಿಟ್ಟೆ. ಹಿಂದೆ ಕುಳಿತ ಮೇಷ್ಟ್ರು, "ಇತ್ತೋ? ಈಗ ಎಲ್ಲಿ ಹೋಯಿತು?" ಎಂದರು. ಕುಂದಾಪುರದವರ 'ಇತ್ತ್' ಎಂದರೆ 'ಇದೆ' ಎಂಬುದು ಅವರಿಗೆ ಗೊತ್ತಿರಲಿಲ್ಲ; ಗೊತ್ತಿದ್ದವರೂ ನಕ್ಕರು. ಆಮೇಲೆ ನಾನು ಬಾಯಿ ತೆರೆಯುವ ಮೊದಲು ಪ್ರತಿ ವಾಕ್ಯವನ್ನು ಮನಸ್ಸಿನಲ್ಲೇ ತೊಳೆದು ಒಣಗಿಸತೊಡಗಿದೆ. ನಗೆ ಆ ಒಂದು ನಿಮಿಷದ್ದು. ತೊಳೆಯುವ ಕೆಲಸ ಹತ್ತು ವರ್ಷ ಬಿಡಲಿಲ್ಲ.

ಈಗ ಕಾಲ ಬದಲಾಗಿದೆ ಎನ್ನುತ್ತೀರಿ. ಹೌದು, ಆಸಾಡಿ ಅಮಾಸಿಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತೇವೆ. 2022ರಲ್ಲಿ 'ಕಾಂತಾರ' ಬಂದ ಮೇಲೆ ಕರಾವಳಿಯ ಮಾತು ಕೇಳಿದರೆ ಬೆಂಗಳೂರಿನವರೂ ಕಿವಿ ನೆಟ್ಟಗೆ ಮಾಡುತ್ತಾರೆ. ಸಂತೋಷ. ಆದರೆ ವೇದಿಕೆ ಹತ್ತಿ 'ನಮ್ಮ ಭಾಷಿ ನಮ್ಮ ಹೆಮ್ಮೆ' ಎಂದು ಕೈಯೆತ್ತಿದ ಜನರ ಫೋನಿನಿಂದಲೇ ಆ ಹುಡುಗಿಯ ತುಣುಕು ಊರಿಂದೂರಿಗೆ ಹಾರಿತು. ಭಾಷೆ ಸಿನಿಮಾದಲ್ಲಿದ್ದರೆ ಹೆಮ್ಮೆ, ಸೀರೆ ಮಾರುವ ಬಡವಳ ಬಾಯಲ್ಲಿದ್ದರೆ ಕತ್ತೆಯ ಕೂಗು. ಇದು ಯಾವ ಅಭಿಮಾನ, ನೀವೇ ಹೇಳಿ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 2017ರಲ್ಲಿ ಬಿಗ್ ಬಾಸ್ ಕನ್ನಡದ ಐದನೇ ಆವೃತ್ತಿಗೆ ಹೋದ ಮೈಸೂರಿನ ನಿವೇದಿತಾ ಗೌಡ ಎಂಬ ಹುಡುಗಿ ಹೆಸರಾದದ್ದೇ ಸಣ್ಣ ಡಬ್‌ಸ್ಮ್ಯಾಶ್ ತುಣುಕುಗಳಿಂದ. ಇಂಗ್ಲಿಷಿನ ವರಸೆಯಲ್ಲಿ ಕನ್ನಡ ಆಡುತ್ತಾಳೆಂದು ನಾಡೇ ನಕ್ಕಿತು. ಒಬ್ಬಳ ಇಂಗ್ಲಿಷಿನಲ್ಲಿ ಊರಿನ ವಾಸನೆ ಬಂದರೆ ನಗು, ಇನ್ನೊಬ್ಬಳ ಕನ್ನಡದಲ್ಲಿ ಇಂಗ್ಲಿಷಿನ ವಾಸನೆ ಬಂದರೂ ನಗು. ಹಾಗಾದರೆ ನಮ್ಮ ಹೆಣ್ಣುಮಕ್ಕಳು ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕು? ತೆರೆಯದಿದ್ದರೆ ಒಳ್ಳೆಯದು ಎಂಬುದೇ ನಗುವವರ ಒಳಮನಸ್ಸಿನ ಉತ್ತರವಿರಬೇಕು ಎಂದು ನನಗೆ ಸಂಶಯ.

ನನ್ನ ಸಹೋದ್ಯೋಗಿಯೊಬ್ಬರ ವಾದ ಬೇರೆ. "ಮೇಡಂ, ದೆಹಲಿಯಾಕೆಗೆ ನಕ್ಕಿದ್ದರಿಂದ ಲಾಭವೇ ಆಯಿತಲ್ಲ. ಪುಕ್ಕಟೆ ಪ್ರಚಾರ." ಆಕೆಗೆ ಲಾಭವಾಗಿದ್ದರೆ ಒಳ್ಳೆಯದೇ. ಆಕೆ ಎದೆಗುಂದದೆ ನಗುವವರ ಜೊತೆ ತಾನೂ ನಕ್ಕು, ಅಂಗಡಿ ನಡೆಸಿಕೊಂಡರು. ಅದು ಆಕೆಯ ಗಟ್ಟಿತನ, ನಗುವವರ ಪುಣ್ಯವಲ್ಲ. ಹೊಳೆಗೆ ತಳ್ಳಿದವಳು ಈಜಿ ದಡ ಸೇರಿದರೆ ತಳ್ಳಿದವನು ಈಜು ಕಲಿಸಿದ ಗುರುವಾಗುತ್ತಾನೆಯೇ? ಮುಳುಗಿದವರನ್ನು ಯಾರೂ ಲೆಕ್ಕ ಇಡುವುದಿಲ್ಲ.

'ಮೀಮ್' ಎಂಬ ಪದವನ್ನು 1976ರಲ್ಲಿ ರಿಚರ್ಡ್ ಡಾಕಿನ್ಸ್ ಎಂಬ ಜೀವವಿಜ್ಞಾನಿ ಟಂಕಿಸಿದರು. ಮನಸ್ಸಿನಿಂದ ಮನಸ್ಸಿಗೆ ನಕಲಾಗುತ್ತ ಹೋಗುವ ಮಾತು, ರಾಗ, ಆಲೋಚನೆ ಎಂಬುದು ಅದರ ಅರ್ಥ. ನಕಲಾಗುವಾಗ ಆಡಿದವರ ಹೆಸರು, ಊರು, ಹೊಟ್ಟೆಪಾಡು ಎಲ್ಲ ಉದುರಿಹೋಗಿ ಬರೀ ಬಾಯಿಯೊಂದು ಉಳಿಯುತ್ತದೆ. ಬಾಯಿಗೆ ನೋವಾಗುತ್ತದೆಂದು ಯಾರಿಗೆ ಹೊಳೆಯಬೇಕು?

'ರೀಲ್ಸಿನಿಂದ ಹೆಣ್ಣುಮಕ್ಕಳು ಹಾಳಾದರು' ಎಂದು ಭಾಷಣ ಬಿಗಿಯುವ ಹಿರಿಯರಿಗೂ ಒಂದು ಮಾತು ಇದೆ. ಸಂತೆಯಲ್ಲಿ ಮೀನು ಬುಟ್ಟಿ ಇಟ್ಟು ಕೂಗಿ ಕೂಗಿ ಮಾರಿದ ಹೆಂಗಸರೇ ಈ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಸಿದರು. ಆ ಕೂಗು ಈಗ ಫೋನಿಗೆ ಬಂದಿದೆ, ಅಷ್ಟೆ. ಮಕ್ಕಳು ದಿನವಿಡೀ ಫೋನ್ ನೋಡುವುದು ನನಗೂ ಇಷ್ಟವಿಲ್ಲ. ಆದರೆ ಅದರಲ್ಲಿ ದುಡಿಯುವವಳನ್ನೂ ಅದನ್ನು ನೋಡಿ ಹೊತ್ತು ಕಳೆಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮರುದಿನ ಗುಂಪಿನಲ್ಲಿ ನಾನು ಬರೆದೆ: "ಇವಳು ನಮ್ಮ ಶಾಲೆಯ ಹುಡುಗಿ. ನಾನೂ ನಕ್ಕೆ, ನಾಚಿಕೆಯಾಗಿದೆ. ದಯವಿಟ್ಟು ಅಳಿಸಿ." ಇಬ್ಬರು ಅಳಿಸಿದರು. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಉಳಿದವರು ಸುಮ್ಮನಿದ್ದರು. ಅಷ್ಟು ಹೊತ್ತಿಗೆ ತುಣುಕು ಎಷ್ಟು ಊರು ದಾಟಿತ್ತೋ.

ಅವಳಿಂದ ನಾನು ಎರಡು ಸೀರೆ ತರಿಸಿಕೊಂಡೆ. ಕನಿಕರಕ್ಕೆ ಕೊಂಡೆನೆಂದು ಅವಳಿಗೆ ತಿಳಿದೇ ತಿಳಿಯುತ್ತದೆ, ಜಾಣೆ. ಹಾಗಾಗಿ ಒಂದರ ಅಂಚು ಸರಿಯಿಲ್ಲವೆಂದು ಚೌಕಾಸಿ ಮಾಡಿ ಐವತ್ತು ರೂಪಾಯಿ ಇಳಿಸಿದೆ. ಆಗ ಅವಳ ದನಿಗೆ ಸ್ವಲ್ಪ ಹುರುಪು ಬಂತು. "ಟೀಚರ್, ಇನ್ನೊಂದ್ ಇತ್ತ್ ಕಾಣಿ, ಈರುಳ್ಳಿ ಸಿಪ್ಪಿ ಕಲರ್" ಎಂದಳು.

"ಇತ್ತಾ? ಕಳ್ಸ್" ಎಂದೆ.