ತಪ್ಪಿದ ಗೀರನ್ನು ತಿದ್ದುವ ಬಗೆ

ಗರಗಸ ಒಮ್ಮೆ ಮರದೊಳಕ್ಕೆ ಇಳಿದರೆ ಮುಗಿಯಿತು. ಪೆನ್ಸಿಲ್ ಗುರುತಿನಂತೆ ಅದನ್ನು ರಬ್ಬರಿನಿಂದ ಅಳಿಸಲು ಬರುವುದಿಲ್ಲ. ಆದರೂ ಕೈಯಲ್ಲೇ ಗಿಟಾರ್ ಮಾಡುವವರು ತಪ್ಪು ಗೀರು ಬಿದ್ದ ಮರವನ್ನು ಒಲೆಗೆ ಹಾಕುವುದಿಲ್ಲ, ತಿದ್ದಿಕೊಳ್ಳುತ್ತಾರೆ. ಹಾಗೆ ತಿದ್ದುವ ಕ್ರಮದಲ್ಲಿ ಒಳ್ಳೆಯ ವಿಜ್ಞಾನದ ಪಾಠವಿದೆ.

ಗಿಟಾರಿನ ಕೊರಳ ಮೇಲೆ ಅಡ್ಡಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿರುತ್ತವೆ. ಇವೇ ಫ್ರೆಟ್‌ಗಳು. ನಮ್ಮ ವೀಣೆಯ ಮೆಟ್ಟಿಲುಗಳ ಕೆಲಸವನ್ನೇ ಇವೂ ಮಾಡುತ್ತವೆ. ಷಡ್ಜದಿಂದ ತಾರಷಡ್ಜಕ್ಕೆ ಹೋಗುವಾಗ ಕಂಪನಸಂಖ್ಯೆ ಎರಡರಷ್ಟಾಗುತ್ತದೆ. ಈ ದಾರಿಯನ್ನು 12 ಸಮ ಹೆಜ್ಜೆಗಳಲ್ಲಿ ಏರಬೇಕಾದರೆ ಪ್ರತಿ ಹೆಜ್ಜೆಗೂ 1.05946ರಿಂದ ಗುಣಿಸಬೇಕು. ಗಿಟಾರ್ ಮಾಡುವವರ ಲೆಕ್ಕ ಇನ್ನೂ ಸುಲಭ: ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್‌ನ ಜಾಗ ಸಿಗುತ್ತದೆ. ತಂತಿ 650 ಮಿಲಿಮೀಟರ್ ಇದ್ದರೆ ಮೊದಲ ಫ್ರೆಟ್ 36.5 ಮಿ.ಮೀ. ದೂರದಲ್ಲಿ, ಎರಡನೆಯದು ಅಲ್ಲಿಂದ 34.4 ಮಿ.ಮೀ. ದೂರದಲ್ಲಿ ಬರುತ್ತದೆ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 325 ಮಿ.ಮೀ.ಗೆ ಬರಬೇಕು.

ಹೊಸಬರು ತಪ್ಪುವುದು ಇಲ್ಲೇ. ಒಂದು ಫ್ರೆಟ್ ಗುರುತಿಸಿ, ಅಲ್ಲಿಂದ ಮುಂದಿನದನ್ನು ಅಳೆಯುತ್ತಾರೆ. ಪೆನ್ಸಿಲಿನ ಮೊನೆ ದಪ್ಪಗಿದ್ದು ಪ್ರತಿ ಸಲವೂ 0.2 ಮಿ.ಮೀ. ಒಂದೇ ಕಡೆಗೆ ತಪ್ಪಿತೆನ್ನಿ. ಕಣ್ಣಿಗೆ ಅದೇನೂ ದೊಡ್ಡದಲ್ಲ. ಆದರೆ ಹನ್ನೆರಡನೆಯ ಫ್ರೆಟ್ ತಲುಪುವಾಗ ಅದು 2.4 ಮಿ.ಮೀ. ಆಗಿರುತ್ತದೆ. ಆಗ ತಾರಷಡ್ಜ, ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ಸುಮಾರು ಎಂಟರಲ್ಲೊಂದು ಪಾಲು ತಪ್ಪುತ್ತದೆ. ಸಂಗೀತ ಬಲ್ಲ ಕಿವಿ ಅದನ್ನು ಒಪ್ಪದು. ಎಲ್ಲ ಅಳತೆಗಳನ್ನೂ ತಂತಿ ಆರಂಭವಾಗುವ ತುದಿಯಿಂದಲೇ ತೆಗೆದುಕೊಂಡರೆ ತಪ್ಪು ಹೀಗೆ ಕೂಡುತ್ತಾ ಹೋಗುವುದಿಲ್ಲ.

ಗೀರು ಬಿದ್ದೇ ಹೋಗಿದ್ದರೆ? ಅದೇ ಜಾತಿಯ ಮರದಿಂದ ಗೀರಿನಷ್ಟೇ ತೆಳುವಾದ ಸೀಳು ತೆಗೆದು, ಅಂಟು ಹಚ್ಚಿ ಗೀರಿನಲ್ಲಿ ತುಂಬುತ್ತಾರೆ. ಒಣಗಿದ ಮೇಲೆ ಮಟ್ಟ ಮಾಡಿ, ಹೊಸದಾಗಿ ಅಳೆದು ಕೊಯ್ಯುತ್ತಾರೆ. ತುಂಬದೆ ಪಕ್ಕದಲ್ಲೇ ಕೊಯ್ಯಹೋದರೆ ಗರಗಸ ಜಾರಿ ಹಳೆಯ ಗೀರಿಗೇ ಬೀಳುತ್ತದೆ. ಹಳೆಯ ತಪ್ಪನ್ನು ಸರಿಯಾಗಿ ಮುಚ್ಚದೆ ಹೊಸ ಕೆಲಸ ನಿಲ್ಲುವುದಿಲ್ಲ!

ಗಿಟಾರ್ ಸಿದ್ಧವಾದ ಮೇಲೂ ಅಪಸ್ವರ ಬಂದರೆ ಉಳಿಗೆ ಕೈ ಹಾಕಬಾರದು. ಮೊದಲು ಕಾರಣ ಹುಡುಕಬೇಕು. ತಂತಿಯ ನಡುಮಧ್ಯವನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿದರೆ ಶುದ್ಧವಾದ ತಾರಷಡ್ಜ ಕೇಳುತ್ತದೆ. ಬಳಿಕ ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ಮೀಟಿ ಹೋಲಿಸಬೇಕು. ಒತ್ತಿದ ಸ್ವರ ಏರಿ ಕೇಳಿದರೆ ತಂತಿ ಹಳತಾಗಿರಬಹುದು, ಫ್ರೆಟ್‌ಗಳಿಂದ ತೀರ ಎತ್ತರದಲ್ಲಿರಬಹುದು, ಇಲ್ಲವೇ ತಂತಿಯನ್ನು ಹೊತ್ತ ಕುದುರೆ ತುಸು ಮುಂದಿರಬಹುದು. ಒತ್ತಿದಾಗ ತಂತಿ ಹಿಗ್ಗಿ ಬಿಗಿತ ಹೆಚ್ಚುವುದರಿಂದ, ಕುದುರೆಯನ್ನು ಲೆಕ್ಕದ ಜಾಗಕ್ಕಿಂತ ಒಂದೆರಡು ಮಿ.ಮೀ. ಹಿಂದಕ್ಕೆ ಕೂರಿಸುವುದು ವಾಡಿಕೆ. ಪರೀಕ್ಷೆಯ ಕ್ರಮವನ್ನು ಗಮನಿಸಿ: ಮೊದಲು ತಂತಿ ಬದಲಿಸು, ಬಳಿಕ ಎತ್ತರ ನೋಡು, ಮರ ಕೊರೆಯುವುದು ಕಟ್ಟಕಡೆಗೆ. ಹಿಂದಿರುಗಿ ಬರಬಹುದಾದ ದಾರಿಗಳನ್ನೆಲ್ಲ ಮೊದಲು ನೋಡಬೇಕು.

ನಮ್ಮ ವೀಣೆ ಮಾಡುವವರು ಈ ಗುಟ್ಟನ್ನು ಚೆನ್ನಾಗಿ ಬಲ್ಲರು. ಅವರು ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಸ್ವರ ತಪ್ಪಿದರೆ ಮೇಣವನ್ನು ಬಿಸಿಮಾಡಿ ಮೆಟ್ಟಿಲನ್ನು ಸರಿಸಿದರಾಯಿತು. ಹಳೆಯ ಕಾಲದ ಸರೇಸೂ ಹಾಗೆಯೇ. ಬಿಸಿ ಮತ್ತು ತೇವ ತಗುಲಿಸಿದರೆ ಮೆತ್ತಗಾಗುವುದರಿಂದ ಮರ ಮುರಿಯದೆ ಬೆಸುಗೆ ಬಿಚ್ಚಬಹುದು. ತಪ್ಪಾಗಬಹುದು ಎಂದು ಮೊದಲೇ ಎಣಿಸಿ, ತಿದ್ದಲು ಜಾಗ ಬಿಟ್ಟ ಕುಶಲತೆ ಇದು.

ಪ್ರಯೋಗಶಾಲೆಗೆ ಬನ್ನಿ. ಲೋಲಕದ ಪ್ರಯೋಗದಲ್ಲಿ ಉತ್ತರ 980ರ ಬದಲು 940 ಬಂದರೆ ಅನೇಕ ಮಕ್ಕಳು ಅಳತೆಯ ಅಂಕಿಗಳನ್ನೇ ಬದಲಿಸಿ 'ಸರಿಯಾದ' ಉತ್ತರ ಬರೆಯುತ್ತಾರೆ. ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆದೆನೇ, ಆಂದೋಲನಗಳನ್ನು ಸೊನ್ನೆಯಿಂದ ಎಣಿಸಿದೆನೇ ಎಂದು ಯೋಚಿಸುವ ಅವಕಾಶ ಅಲ್ಲಿಗೇ ಹೋಯಿತು. ಇದಕ್ಕೆ ಮಕ್ಕಳನ್ನಷ್ಟೇ ದೂರಿ ಫಲವಿಲ್ಲ. ಕೆಂಪು ಗೆರೆ ಕಂಡೊಡನೆ ರೇಗುವ ಶಿಕ್ಷಕರೂ ತಂದೆತಾಯಿಯರೂ ತಪ್ಪನ್ನು ಮುಚ್ಚಿಡುವುದನ್ನೇ ಕಲಿಸುತ್ತೇವೆ. "ಯಾಕೆ ತಪ್ಪಿದೆ?" ಎಂದು ಗದರಿಸುವ ಬದಲು "ಎಲ್ಲಿ ತಪ್ಪಿತು, ಹುಡುಕೋಣ ಬಾ" ಎಂದು ಕರೆದು ನೋಡಿ.

ಮಕ್ಕಳೇ, ಈ ಭಾನುವಾರ ಒಂದು ಹಲಗೆ, ಎರಡು ಮೊಳೆ, ಒಂದು ತೆಳು ತಂತಿ ತೆಗೆದುಕೊಳ್ಳಿ. ತಂತಿಯನ್ನು ಬಿಗಿದು, ಅದರಡಿ 60 ಸೆಂ.ಮೀ. ಅಂತರದಲ್ಲಿ ಎರಡು ಪೆನ್ಸಿಲ್ ಇಡಿ. ಈಗ ಬರುವ ನಾದ ನಿಮ್ಮ ಷಡ್ಜ. ಮೀಟುವ ಭಾಗ 40 ಸೆಂ.ಮೀ. ಆದಾಗ ಪಂಚಮ, 30 ಆದಾಗ ತಾರಷಡ್ಜ ಕೇಳಬೇಕು. ಸ್ವರ ತುಸು ಏರಿ ಕೇಳಿದರೆ ತಂತಿಯನ್ನು ಬಯ್ಯಬೇಡಿ. ಕಾರಣವನ್ನು ಈ ಬರಹದಲ್ಲೇ ಹೇಳಿದೆ, ಹುಡುಕಿಕೊಳ್ಳಿ.