ಸಂಕ್ರಾಂತಿಗೆ ಬೈಕಲ್ಲಿ ಬರುವವರಿಗೆ

ಬೆಂಗಳೂರಿನಿಂದ ಕಛ್‌ನ ಬಿಳಿ ರಣ್ ನೋಡಲು ಬೈಕಲ್ಲಿ ಹೊರಟವರಿಗೆ ದಾರಿ ಹುಡುಕುವ ಕಷ್ಟವಿಲ್ಲ. ತುಮಕೂರು, ಹುಬ್ಬಳ್ಳಿ ದಾಟುವ ಅದೇ ಹೆದ್ದಾರಿ 48 ಸೂರತ್, ವಡೋದರಾ, ಅಹಮದಾಬಾದಿಗೂ ಬರುತ್ತದೆ. ವಡೋದರಾದಲ್ಲಿ ಮಾತ್ರ ಬೋರ್ಡು ನೋಡಿ ತಿರುಗಿ: 93 ಕಿ.ಮೀ. ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ, ಆಣಂದ್–ನಡಿಯಾದ್ ಮೂಲಕದ ಹಳೆಯ ರಸ್ತೆಯೇ ಗತಿ. ಗುಜರಾತಿ ಅಂಕಿಗಳಲ್ಲಿ 9ರಂತೆ ಕಾಣುವುದು 1, ನೆನಪಿರಲಿ!

ಬೋರ್ಡೇ ಇಲ್ಲದ ಅಪಾಯವೆಂದರೆ ಗಾಳಿಪಟದ ದಾರ. ಜನವರಿ 14, 15ರ ಉತ್ತರಾಯಣಕ್ಕೆ ಎಷ್ಟೋ ದಿನ ಮೊದಲೇ ಗಾಜಿನ ಪುಡಿ ಬಳಿದ ಮಾಂಜಾ ರಸ್ತೆಗೆ ಅಡ್ಡ ಬಿದ್ದಿರುತ್ತದೆ. ಓಡುವ ಬೈಕಿನಿಂದ ಅದು ಕಾಣುವುದಿಲ್ಲ. ಕುತ್ತಿಗೆ ಕೊಯ್ದು ಪ್ರತಿ ವರ್ಷ ಜನ ಸಾಯುತ್ತಾರೆ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆದರೂ ಕದ್ದುಮುಚ್ಚಿ ಮಾರುತ್ತಾರೆ. ಹಬ್ಬದ ದಿನ ಸೂರತ್ ಪೊಲೀಸರು ಮೇಲ್ಸೇತುವೆಗಳಿಗೆ ಬೈಕ್ ಬಿಡದಿರುವುದು ಇದಕ್ಕೇ.

ಇಲ್ಲಿಯವರು ಹ್ಯಾಂಡಲ್‌ಗೆ ಕಮಾನಿನಂಥ ಸರಳು ಹಾಕಿಸುತ್ತಾರೆ. ನೀವೂ ಹಾಕಿಸಿ, ಬುಲೆಟ್ಟಿನ ಅಂದ ಕೆಡುತ್ತದೆ ಎನ್ನಬೇಡಿ. ಕುತ್ತಿಗೆಗೆ ದಪ್ಪ ಮಫ್ಲರ್, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ನಿಧಾನದ ಓಟ. ಆ ಎರಡು ದಿನವಂತೂ ಬೈಕ್ ನಿಲ್ಲಿಸಿ, ಯಾರದಾದರೂ ತಾರಸಿ ಹತ್ತಿ ಉಂಧಿಯು ತಿನ್ನಿ. ನಮ್ಮ ಮನೆಗೆ ಬಂದರೆ ಎಳ್ಳು–ಬೆಲ್ಲವೂ ಇದೆ.